ಸಲಹಾ ಮಂಡಳಿಯೂ ಯಮನಪ್ಪನ ಬಲಗೈಯೂ

ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ನನಗೊಬ್ಬ ಮಗ ಹುಟ್ಟಿದ. ಮೂವತ್ತೆರಡು ವರ್ಷ ಪ್ರಾಯ, ದಪ್ಪ ಮೀಸೆ, ಬಾಗಲಕೋಟೆ ಕಡೆಯವನು. ಹೆಸರು ಯಮನಪ್ಪ.

ಗಾಬರಿ ಬೇಡ. ಹೆತ್ತದ್ದಲ್ಲ, ಗೇಟಿನಲ್ಲಿ ಹೇಳಿದ್ದು.

ವಿಷಯ ಇಷ್ಟು. ಊರಿನ ಸರ್ಕಾರಕ್ಕೆ ಇದ್ದಕ್ಕಿದ್ದ ಹಾಗೆ ನಮ್ಮ ನೆನಪಾಯಿತು. ಕತಾರ್‌ನಲ್ಲಿ ಇಷ್ಟೊಂದು ಕನ್ನಡದವರು ದುಡಿಯುತ್ತಾರೆ, ಅವರ ಕಷ್ಟಸುಖ ತಿಳಿಯಲಿಕ್ಕೆ ಒಂದು ಸಲಹಾ ಮಂಡಳಿ ಬೇಕು ಅಂತ ತೀರ್ಮಾನ ಆಯಿತಂತೆ. ಮಂಡಳಿ ಸಲಹೆ ಕೊಡುವುದು, ಸರ್ಕಾರ ಕೇಳುವುದು. (ಕೇಳಿ ಎಂತ ಮಾಡುವುದು ಅಂತ ಯಾರೂ ಹೇಳಲಿಲ್ಲ.) ಅದಕ್ಕೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬರುವುದು, ದೋಹಾದ ಒಂದು ಕ್ಲಬ್ಬಿನಲ್ಲಿ ಸಭೆ, ಸಭೆಯ ನಂತರ ಊಟ.

ನನ್ನ ಅಳಿಯ ದಯಾನಂದನಿಗೆ ಆ ಮಂಡಳಿಯ ಮೆಂಬರ್ ಆಗುವ ಆಸೆ. ಅವನದ್ದು ಒಂದು ಶಿಪ್ಪಿಂಗ್ ಕಂಪೆನಿಯಲ್ಲಿ ಆಫೀಸ್ ಕೆಲಸ. ಆ ವಾರ ಇಡೀ ಕನ್ನಡಿ ಎದುರು ನಿಂತು ಟೈ ಕಟ್ಟಿದ್ದು ಬಿಚ್ಚಿದ್ದೇ ಆಯಿತು.

ಯಮನಪ್ಪ ಯಾರು ಅಂತೀರಾ? ದೋಹಾದ ಹೊರವಲಯದ ಮುಐದರ್‌ನಲ್ಲಿ ನಾವಿರುವ ವಿಲ್ಲಾದ ಪಕ್ಕ ಒಂದು ಮನೆ ಏಳುತ್ತಾ ಉಂಟು. ಅಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಶಟರಿಂಗ್ ಕೆಲಸದ ಬಡಗಿ. ಕಾಂಪೌಂಡಿನ ಆಚೆಯಿಂದ ಕನ್ನಡದ ಬೈಗುಳ ಕೇಳಿತು ಅಂತ ನಾನೇ ಕರೆದು ಮಾತಾಡಿಸಿದ್ದು. ಅವನ ಕನ್ನಡ ನನಗೆ ಅರ್ಧ, ನನ್ನದು ಅವನಿಗೆ ಅರ್ಧ. ಆದರೂ ನಡೆಯುತ್ತಿತ್ತು.

ಒಂದು ದಿನ ಬಲಗೈಗೆ ದಪ್ಪ ಬ್ಯಾಂಡೇಜ್ ಸುತ್ತಿಕೊಂಡು ಗೋಡೆ ಪಕ್ಕ ಕೂತಿದ್ದ.

"ಎಂತ ಆಯ್ತು ಮಾರಾಯ?"

"ತಗಡಿನ ಪ್ಲೇಟ್ ಜಾರಿ ಬಿತ್ತರಿ ಅಮ್ಮಾರ. ಒಳಗಿನ ನರ ಕಡದಾವಂತ. ಹೊಲಿಗಿ ಹಾಕಿ ಕಳಿಸ್ಯಾರ. ಆಪರೇಷನ್ ಲಗೂನ ಆಗ್ಬೇಕಂತ, ಇಲ್ಲಂದ್ರ ಬೆರಳು ಮಡಚಾಕ ಬರಂಗಿಲ್ಲಂತ."

"ಮತ್ತೆ ಮಾಡಿಸಲಿಕ್ಕೆ ಎಂತ ದಾಡಿ?"

ದಾಡಿ ಎಂತದೆಂದರೆ ಅವನ ಹೆಲ್ತ್ ಕಾರ್ಡಿನ ಅವಧಿ ಮುಗಿದಿತ್ತು. ಅದು ಹೊಸದಾಗಬೇಕಾದರೆ ಮೊದಲು ಈ ದೇಶದಲ್ಲಿ ಇರಲಿಕ್ಕೆ ಬೇಕಾದ ಪರ್ಮಿಟ್ ಹೊಸದಾಗಬೇಕು. ಅದನ್ನು ಮಾಡಿಸಬೇಕಾದವರು ಕಂಪೆನಿಯವರು. ಅವರು ಇವನ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೇಳಿದಾಗಲೆಲ್ಲ "ಬುಕ್ರಾ" ಅನ್ನುತ್ತಿದ್ದರು. ನಾಳೆ ಅಂತ ಅರ್ಥ. ಈ ದೇಶಕ್ಕೆ ಬಂದು ನಾನು ಮೊದಲು ಕಲಿತ ಶಬ್ದವೂ ಅದೇ.

ನಾಳೆ ನಾಳೆ ಅಂತ ಒಂಬತ್ತು ದಿನ ಕಳೆದಿತ್ತು. ಮುಷ್ಟಿ ಕಟ್ಟಲಿಕ್ಕೆ ಆಗದ ಬಡಗಿ ಸುತ್ತಿಗೆ ಹಿಡಿಯುವುದು ಹೇಗೆ? ಸುತ್ತಿಗೆ ಹಿಡಿಯದ ಬಡಗಿಯನ್ನು ಇಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಕಷ್ಟಸುಖ ಕೇಳುವ ಸಭೆ ಅಲ್ವಾ, ನಮ್ಮ ಜೊತೆ ಕಾರಿನಲ್ಲಿ ಬಾ ಅಂದೆ. ದಯಾನಂದ ಮುಖ ಸಣ್ಣ ಮಾಡಿದ. ಮಾಡಲಿ.

ಕ್ಲಬ್ಬಿನ ಗೇಟಿನಲ್ಲಿ ಒಂದು ಬೋರ್ಡು: ಶುಕ್ರವಾರ ಫ್ಯಾಮಿಲಿಗೆ ಮಾತ್ರ. ಬ್ಯಾಚುಲರ್‌ಗಳಿಗೆ ಪ್ರವೇಶ ಇಲ್ಲ.

ಈ ಬ್ಯಾಚುಲರ್ ಅನ್ನುವ ಶಬ್ದಕ್ಕೆ ಇಲ್ಲಿ ಬೇರೆಯೇ ಲೆಕ್ಕ. ಊರಿನಲ್ಲಿ ಹೆಂಡತಿ ಇರಲಿ, ಇಬ್ಬರು ಮಕ್ಕಳು ಇರಲಿ, ಅವರು ಇಲ್ಲಿ ನಿಮ್ಮ ಪಕ್ಕದಲ್ಲಿ ನಿಂತಿಲ್ಲವಾ, ನೀವು ಬ್ಯಾಚುಲರ್. ಮದುವೆಯಾಗಿ ಹತ್ತು ವರ್ಷ ಆದ ಯಮನಪ್ಪನೂ ಬ್ಯಾಚುಲರ್. ಅಂಥವರಿಗೆ ರಜೆ ಇರುವುದು ವಾರಕ್ಕೆ ಒಂದೇ ದಿನ, ಶುಕ್ರವಾರ. ಆ ಶುಕ್ರವಾರವೇ, ಆ ಕ್ಲಬ್ಬೇ ಬುಕ್ ಆಗಿತ್ತು. ಯಾರದ್ದೂ ಕೆಟ್ಟ ಮನಸ್ಸಲ್ಲ ಮಾರಾಯ್ರೆ. ಬುಕ್ ಮಾಡಿದವರೆಲ್ಲ ಫ್ಯಾಮಿಲಿಯವರು. ಫ್ಯಾಮಿಲಿಯವರಿಗೆ ಆ ಬೋರ್ಡು ಕಾಣುವುದಿಲ್ಲ. ಕನ್ನಡಕ ಹಾಕಿದರೂ ಕಾಣುವುದಿಲ್ಲ.

ಗೋಡೆಯ ನೆರಳಿನಲ್ಲಿ ಐದಾರು ಜನ ಇಸ್ತ್ರಿ ಹಾಕಿದ ಶರ್ಟಿನಲ್ಲಿ ನಿಂತಿದ್ದರು. ಎಲ್ಲ ನಮ್ಮ ಕಡೆಯವರೇ. ಸಭೆಗೆ ಅಂತ ಬಂದು ಹೊರಗೇ ಉಳಿದವರು.

ವಾಚ್‌ಮ್ಯಾನ್ ಮಲಯಾಳಿ. "ಅಮ್ಮಚ್ಚಿ ಹೋಗಬಹುದು. ಇವನು ಪಟ್ಟಿಲ್ಲ, ಆಗುವುದಿಲ್ಲ," ಅಂದ.

"ಇವನ್ ಎಂಡೆ ಮೋನ್," ಅಂದೆ. ಇವನು ನನ್ನ ಮಗ ಅಂತ.

ಅವನು ನನ್ನನ್ನು ನೋಡಿದ, ಯಮನಪ್ಪನ ಮೀಸೆ ನೋಡಿದ. "ಮೋನಾ?"

"ಮೋನ್."

"ಶರಿ," ಅಂತ ಆಚೆ ತಿರುಗಿ ಕಾರಿನ ನಂಬರ್ ಬರೆಯಲಿಕ್ಕೆ ಶುರು ಮಾಡಿದ. ಅವನ ಹೆಂಡತಿಯೂ ತೃಶ್ಶೂರಿನಲ್ಲೋ ಎಲ್ಲೋ ಇರಬೇಕು.

ನೆರಳಿನಲ್ಲಿ ನಿಂತಿದ್ದ ಒಬ್ಬ "ಅಮ್ಮಾ, ನಮ್ಮನ್ನೂ ಕರೆದುಕೊಂಡು ಹೋಗಿ," ಅಂದ. ನಾನು ಕರೆಯಲಿಲ್ಲ. ಒಂದೇ ಪ್ರಾಯದ ಆರು ಗಂಡುಮಕ್ಕಳು ಅಂದರೆ ಎಂಥ ವಾಚ್‌ಮ್ಯಾನ್ ನಂಬುತ್ತಾನೆ? ನಂಬದಿದ್ದರೆ ಇವನೂ ಹೊರಗೆ. ಹಾಗಾಗಿ ಒಬ್ಬನನ್ನೇ ಕರೆದುಕೊಂಡು ಹೋದೆ.

ಒಳಗೆ ಎಸಿ ಹಲ್ಲು ಕಡಿಯುವಷ್ಟು ಚಳಿ. ಅಧಿಕಾರಿ ಒಳ್ಳೆಯ ಮನುಷ್ಯನೇ, ಮೆತ್ತಗೆ ಮಾತು. ಮಂಡಳಿಗೆ ಹನ್ನೊಂದು ಜನ ಅಂದರು. ಕರಾವಳಿಯವರು ಎಷ್ಟು, ಉತ್ತರ ಕರ್ನಾಟಕದವರು ಎಷ್ಟು ಅಂತ ಅರ್ಧ ಗಂಟೆ. ತುಳುವಿನವರು ಕರಾವಳಿ ಲೆಕ್ಕದಲ್ಲಿ ಬರುವುದೋ ಬೇರೆಯೋ ಅಂತ ಕಾಲು ಗಂಟೆ. ಸದಸ್ಯನಿಗೆ ಡಿಗ್ರಿ ಇರಲೇಬೇಕು, ಅದೂ ಅಟೆಸ್ಟ್ ಆಗಿರಬೇಕು ಅಂತ ಒಬ್ಬರು. ಆಮೇಲೆ ಮಹಿಳೆ ಒಬ್ಬರು ಬೇಕಲ್ಲ ಅಂತ ನೆನಪಾಗಿ ಎಲ್ಲರೂ ಹಿಂದೆ ತಿರುಗಿ ಹೆಂಗಸರಿದ್ದ ನಮ್ಮ ಸಾಲು ನೋಡಿದರು. ನನ್ನನ್ನು ದಾಟಿ ನೋಡಿದರು. ಸರಿಯೇ. ನಾನು ನಾಲ್ಕನೇ ಕ್ಲಾಸು, ಅದಕ್ಕೆ ಯಾರು ಅಟೆಸ್ಟ್ ಮಾಡುತ್ತಾರೆ?

ನಂತರ ಸಲಹೆಗಳು. ಊರಿನ ಏರ್‌ಪೋರ್ಟಿನಲ್ಲಿ ನಮಗೆ ಬೇರೆ ಕೌಂಟರ್ ಬೇಕು. ಬೆಂಗಳೂರಿನಲ್ಲಿ ಸೈಟಿಗೆ ಕೋಟಾ ಬೇಕು. ಮಕ್ಕಳಿಗೆ ಇಂಜಿನಿಯರಿಂಗ್ ಸೀಟು ಬೇಕು. ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಮೊಮ್ಮಗಳಿಗೂ ಸೀಟು ಬೇಕು. ಪಕ್ಕದಲ್ಲಿ ಯಮನಪ್ಪ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕೂತಿದ್ದ. ಕೆಳಗೆ ಬಿಟ್ಟರೆ ಬಡಿಯುತ್ತದಂತೆ.

ಬಿರಿಯಾನಿಯ ಪರಿಮಳ ಬಂತು. ಇನ್ನು ಕಾದರೆ ಖಲಾಸ್ ಅಂತ ಎದ್ದು ನಿಂತೆ.

"ಸಾರ್, ಇವನ ಕೈ ನೋಡಿ," ಅಂದೆ. ಕಾರ್ಡು, ಪರ್ಮಿಟ್ಟು, ಕಪಾಟು, ಬುಕ್ರಾ ಎಲ್ಲ ಹೇಳಿದೆ. "ನೀವು ಸರ್ಕಾರದವರು. ಆ ಕಂಪೆನಿಗೆ ಒಂದು ಫೋನ್ ಮಾಡಿ."

ಅಧಿಕಾರಿ ಪಾಪ ಅಂದರು. ನಿಜವಾಗಿಯೂ ಅಂದರು. ಮತ್ತೆ, "ಅಮ್ಮಾ, ಇದು ಪಾಲಿಸಿ ಸಭೆ. ನೀವು ಹೇಳುವುದು ವೈಯಕ್ತಿಕ ವಿಷಯ. ಲಿಖಿತ ಅರ್ಜಿ ಕೊಡಿ, ಮಂಡಳಿ ರಚನೆ ಆದಮೇಲೆ ಮೊದಲ ಸಭೆಗೆ ಇಡೋಣ," ಅಂದರು.

"ಬರೀತೀಯಾ?" ಅಂದೆ ಯಮನಪ್ಪನಿಗೆ.

"ಬರೆಯೋ ಕೈನ ಇದ ಅಲ್ರಿ ಅಮ್ಮಾರ," ಅಂದ.

ನಾನೇ ಬರೆದೆ. ದಯಾನಂದನ ಜೇಬಿನ ಪೆನ್ನು, ಊಟದ ಮೆನು ಅಚ್ಚು ಹಾಕಿಸಿದ ಹಾಳೆಯ ಹಿಂಬದಿ. ಎಂಟು ಸಾಲು. ಕೊಂಡುಹೋಗಿ ಕೊಟ್ಟರೆ ಅಧಿಕಾರಿಯ ಜೊತೆ ಬಂದ ಹುಡುಗಿ, "ಪಾಸ್‌ಪೋರ್ಟ್ ಕಾಪಿ ಲಗತ್ತಿಸಿ ಅಜ್ಜಿ. ಇಲ್ಲದಿದ್ದರೆ ಎಂಟ್ರಿ ಮಾಡಲಿಕ್ಕಾಗುವುದಿಲ್ಲ," ಅಂದಳು.

"ಪಾಸ್‌ಪೋರ್ಟ್ ಕಪಾಟಿನಲ್ಲಿ ಉಂಟು ಅಂತಲೇ ಅರ್ಜಿ ಬರೆದದ್ದು," ಅಂದೆ.

"ಅರ್ಥ ಆಗುತ್ತೆ ಅಜ್ಜಿ. ಆದರೂ ಕಾಪಿ ಬೇಕು."

ಅರ್ಥ ಆದಮೇಲೂ ಬೇಕಾಗುವುದಾದರೆ ಅರ್ಥ ಆಗಿ ಎಂತ ಪ್ರಯೋಜನ? ಹಾಳೆ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡೆ. ಊಟ ಮಾಡಿದೆವು. ಯಮನಪ್ಪ ಎಡಗೈಯಲ್ಲಿ ಚಮಚ ಹಿಡಿದು ಉಂಡ. ಬಿರಿಯಾನಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಯಮನಪ್ಪನನ್ನು ಕೆಲಸಗಾರರ ಕ್ಯಾಂಪಿಗೆ ಬಿಟ್ಟು ಕಾರು ಮನೆ ಕಡೆ ತಿರುಗಿತು.

"ಅತ್ತೆ, ನೀವು ಅಲ್ಲಿ ಏಳಬಾರದಿತ್ತು," ಅಂದ ದಯಾನಂದ. "ಎಲ್ಲರೂ ನನ್ನನ್ನೇ ನೋಡಿದರು."

"ನೋಡಲಿಕ್ಕೇ ಅಲ್ವಾ ಟೈ ಕಟ್ಟಿದ್ದು?"

"ಸಭೆಗೆ ಒಂದು ರೀತಿ ಇರುತ್ತದೆ."

"ಬೆರಳಿಗೂ ಒಂದು ರೀತಿ ಉಂಟು. ತಡ ಮಾಡಿದರೆ ಸೆಟೆದು ನಿಲ್ಲುವುದು."

ಅವನು ಒಂದು ಕೈಯಲ್ಲಿ ಟೈ ಕಿತ್ತು ಹಿಂದಿನ ಸೀಟಿಗೆ ಎಸೆದ. ಸಿಟ್ಟು ಅಂತ ತಿಳಿದೆ.

ಭಾನುವಾರ ಇಲ್ಲಿ ಆಫೀಸು ಇರುವ ದಿನ. ಬೆಳಿಗ್ಗೆ ನೋಡಿದರೆ ಆಫೀಸಿಗೆ ಅರ್ಧ ದಿನ ರಜೆ ಹೇಳಿ, ಅದೇ ಟೈ ಕಟ್ಟಿ, "ಆ ಕಂಪೆನಿಯ ಆಫೀಸು ಎಲ್ಲಿ ಅಂತ ಯಮನಪ್ಪನಿಗೆ ಗೊತ್ತುಂಟಾ?" ಅಂತ ಕೇಳಿದ. ಇಬ್ಬರೂ ಹೋದರು. ಎರಡು ಗಂಟೆ ಕೂತರಂತೆ. ಇವನು ಇಂಗ್ಲಿಷಿನಲ್ಲಿ ಕೇಳಿದ, ಅಲ್ಲಿನ ಕಾಗದಪತ್ರದ ಮನುಷ್ಯ ಇವನಿಗೆ ಕುರ್ಚಿ ಕೊಟ್ಟು ಸುಲೈಮಾನಿ ಚಹಾ ತರಿಸಿದ, ಕಪಾಟು ತೆರೆದ. ಪರ್ಮಿಟ್ ಅದೇ ವಾರ ಆಯಿತು. ಅವರಿಗೂ ದ್ವೇಷ ಏನಿಲ್ಲ. ಇಷ್ಟು ದಿನ ಬಾಗಿಲಲ್ಲಿ ನಿಂತು ಕೇಳಿದವನಿಗೆ ಕುರ್ಚಿ ಕೊಡಬೇಕು ಅಂತ ತೋಚಲಿಲ್ಲ, ಅಷ್ಟೇ.

ನನಗೆ ಈಗಲೂ ತಿಳಿಯದ್ದು ಒಂದು. ಟೈ ಕಟ್ಟಿದ ಒಬ್ಬ ಮನುಷ್ಯ ಜೊತೆಗೆ ಹೋಗಿ ಎರಡು ಗಂಟೆ ಕೂತರೆ ಆಗುವ ಕೆಲಸಕ್ಕೆ ಹನ್ನೊಂದು ಜನರ ಮಂಡಳಿ ಸಲಹೆ ಎಂತ ಕೊಡುವುದು? ಹನ್ನೊಂದು ಜನ ಸರದಿಯಲ್ಲಿ ವಾರಕ್ಕೊಬ್ಬರ ಹಾಗೆ ಜೊತೆಗೆ ಹೋದರೆ ಸಾಲದಾ?

ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರು, ಸುಮ್ಮನೆ ಧೈರ್ಯ ಹೇಳುವ ಪೈಕಿ ಅಲ್ಲ. ಮೊದಲ ವಾರದಲ್ಲೇ ಬಂದಿದ್ದರೆ ಎಲ್ಲ ಬೆರಳೂ ಸರಿ ಆಗುತ್ತಿತ್ತು ಅಂದರಂತೆ. ಈಗ ಹೆಬ್ಬೆರಳು ಮತ್ತು ಮೂರು ಬೆರಳು ಮಡಚುತ್ತವೆ. ತೋರುಬೆರಳು ಮಡಚುವುದಿಲ್ಲ, ನೆಟ್ಟಗೆ ನಿಂತಿದೆ. ಮೊನ್ನೆ ಕಾಂಪೌಂಡಿನ ಆಚೆಯಿಂದ ಸುತ್ತಿಗೆ ಹಿಡಿದು ತೋರಿಸಿದ. ಹಿಡಿಯುತ್ತಾನೆ, ಆದರೆ ಎರಡನೇ ಏಟಿಗೆ ಕೈಯಲ್ಲೇ ತಿರುಗುತ್ತದೆ.

"ಫೋರ್‌ಮನ್‌ಗೆ ಗೊತ್ತುಂಟಾ?" ಅಂದೆ.

"ಇನ್ನೂ ಇಲ್ರಿ. ಗೊತ್ತಾದ್ರ ಊರಿಗೆ ಕಳಸ್ತಾನ."

ಹೋದ ವಾರ ದಯಾನಂದನಿಗೆ ಸರ್ಕಾರದ ಕಾಗದ ಬಂತು. ಮಂಡಳಿಯ ಮೆಂಬರ್ ಆಗಿದ್ದಾನೆ. ಜೊತೆಗೆ ಒಂದು ಫಾರಂ, ಸಮುದಾಯಕ್ಕೆ ಮಾಡಿದ ಸೇವೆಯನ್ನು ತುಂಬಲಿಕ್ಕೆ. ಊಟದ ಮೇಜಿನಲ್ಲಿ ಕೂತು ಪೆನ್ನು ಕಚ್ಚುತ್ತಾ, "ಯಮನಪ್ಪನ ವಿಷಯ ಬರೆಯಬಹುದಾ ಅತ್ತೆ?" ಅಂತ ಕೇಳಿದ. ಕೇಳಿದನಲ್ಲ, ಅದು ದೊಡ್ಡದು.

"ಬರಿ. ಮಾಡಿದ್ದು ಹೌದಲ್ಲ. ಮಡಚದ ಬೆರಳಿನ ವಿಷಯವನ್ನೂ ಬರಿ."

ಅವನು ಫಾರಂ ತಿರುಗಿಸಿ ಮುರುಗಿಸಿ ನೋಡಿದ. "ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಅತ್ತೆ."

"ಇಲ್ಲದಿದ್ದರೆ ಹಾಕಿಸು. ನೀನೀಗ ಸಲಹೆ ಕೊಡುವವನಲ್ವಾ?"