ಬದುಕಿದ್ದವನ ಗಂಟು

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಗೋವಾದ ಕಾಣಕೋಣದಲ್ಲಿ ಸಮುದ್ರದ ದಂಡೆಯ ಮೇಲೆ ಮಣಿಸರ, ಕನ್ನಡಿ ಕೆಲಸದ ಚೀಲ ಮಾರುವ ಪ್ರತಿಯೊಬ್ಬರಿಗೂ ಅವರದೇ ಆದ ಬಟ್ಟೆಯ ಗಂಟು. ಒಬ್ಬರ ಗಂಟನ್ನು ಇನ್ನೊಬ್ಬರು ಬಿಚ್ಚುವುದಿಲ್ಲ, ಹೆಂಡತಿಯದನ್ನು ಗಂಡನೂ ಬಿಚ್ಚುವುದಿಲ್ಲ. ಸತ್ತಾಗ ಮಾತ್ರ ಮನೆಯ ಹಿರಿಯರು ಅಂಗಳದಲ್ಲಿ ಕೂತು ಬಿಚ್ಚಿ, ಸರಕನ್ನು ಉಳಿದವರಿಗೆ ಹಂಚುತ್ತಾರೆ.

ನನ್ನ ತಮ್ಮನ ಗಂಟನ್ನು ಅವನು ಬದುಕಿರುವಾಗಲೇ ಬಿಚ್ಚಿದರು.

ಕೆಟ್ಟ ಮನಸ್ಸಿನಿಂದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಗಿರಾಕಿಗಳ ಎದುರೇ ಸಮುದ್ರಕ್ಕೆ ಉತ್ತರ ಕೊಡುತ್ತಿದ್ದ. ಪಣಜಿ ಕಡೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅವನು ಅಲ್ಲಿರುವಾಗ ಪ್ರವಾಸಿಗರ ಸೀಸನ್ ಶುರುವಾಯಿತು. ಮನೆಗೆ ಹಿರಿಯನಾದ ಕಾಕಾ, "ಇನ್ನ ಅವಂಗ ಈ ತ್ರಾಸ ಬ್ಯಾಡ. ಆರಾಮ ಕುಂದರಲಿ, ನಾವು ನೋಡಕೋತೀವಿ" ಎಂದು ಗಂಟು ಬಿಚ್ಚಿ ಹಂಚಿದ. ನನ್ನ ಪಾಲಿಗೆ ನಾಲ್ಕು ಚೀಲ ಬಂದವು. ಬಾಯಿ ಮುಚ್ಚಿಕೊಂಡು ತಗೊಂಡೆ.

ಗುಳಿಗೆ ಕೆಲಸ ಮಾಡಿದವು. ಕಿವಿಯೊಳಗಿನ ಬೈಗುಳ ನಿಂತು ತಮ್ಮ ಮನೆಗೆ ಬಂದ. ಜಗಳವಿಲ್ಲ, ಕೂಗಾಟವಿಲ್ಲ. ಹಾಕಿದ್ದನ್ನು ಉಂಡು ಬಾಗಿಲ ಬಳಿ ಕೂರುತ್ತಿದ್ದ. ಒಂದು ದಿನ ತನ್ನ ಗಡಿಯಾರವನ್ನು ನನ್ನ ಗಂಡನಿಗೆ ಕೊಟ್ಟ. ಮರುದಿನ ಹೊಸ ಅಂಗಿಯನ್ನು ಕಾಕಾನಿಗೆ ಕೊಟ್ಟ.

"ನೋಡವ್ವಾ, ಎಷ್ಟ ಶಾಣ್ಯಾ ಆಗ್ಯಾನ!" ಎಂದು ಕಾಕಾ ಹಿಗ್ಗಿದ.

ನಾನೂ ಹಿಗ್ಗಿದೆ. ಗುಳಿಗೆ ತರಲು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನಿಗೆ ಅದನ್ನೇ ಹೇಳಿದೆ. ಕಾರವಾರದ ಕಡೆಯವರು, ಕನ್ನಡ ಬಲ್ಲವರು. ಅವರು ನಗಲಿಲ್ಲ.

"ತನ್ನದನ್ನೆಲ್ಲ ಹೀಗೆ ಕೊಟ್ಟುಬಿಡೋದು ಒಳ್ಳೇ ಲಕ್ಷಣ ಅಲ್ಲ. ಧ್ವನಿ ನಿಂತ ಮೇಲೆ ಮನುಷ್ಯ ತನ್ನನ್ನ ತಾನು ನೋಡ್ಕೊಳ್ತಾನೆ. ಏನೇನು ಹೋಯ್ತು, ಮುಂದೆ ಏನೂ ಇಲ್ಲ, ಎಲ್ಲರಿಗೂ ನಾನೇ ಭಾರ ಅನ್ನಿಸಿದ್ರೆ ಅದೇ ಅಪಾಯ. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ. ಕೇಳೋದ್ರಿಂದ ಆ ಯೋಚನೆ ಹುಟ್ಟೋದಿಲ್ಲ. ಒಳಗಿದ್ರೆ ಹೊರಗೆ ಬರುತ್ತೆ."

ಮಡಗಾಂವ್‌ನಲ್ಲಿ ಬಸ್ ಬದಲಿಸುವಾಗಲೂ ಆ ಪ್ರಶ್ನೆ ನಾಲಿಗೆಯ ಮೇಲೆ ಕೆಂಡದಂತೆ ಇತ್ತು. ಮನೆಗೆ ಬಂದವಳೇ ತಮ್ಮನ ಪಕ್ಕ ಕೂತೆ.

"ತಮ್ಮಾ, ಸಾಯಬೇಕು ಅನಸ್ತೈತೇನು?"

ಅವನು ಹೊಸ್ತಿಲನ್ನೇ ನೋಡುತ್ತಿದ್ದ. "ಹೂಂ ಅಕ್ಕಾ. ಗಂಟು ಹಂಚಿ ಆಗೇತಿ. ಮಣ್ಣು ಮಾಡೂದೊಂದ ಉಳದೈತಿ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲು ನನ್ನ ಮೇಲೇ. ಡಾಕ್ಟರಮ್ಮನಿಗೆ ಅಲ್ಲೇ ಫೋನ್ ಹಚ್ಚಿದೆ. ಬೆಳಿಗ್ಗೆಯೇ ಕರೆತನ್ನಿ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ ಎಂದರು. ಬಿಡಲಿಲ್ಲ. ಆಸ್ಪತ್ರೆಯಲ್ಲಿ ಗುಳಿಗೆ ಬದಲಿಸಿದರು, ವಾರವಾರ ಕೂರಿಸಿಕೊಂಡು ಮಾತಾಡಿಸತೊಡಗಿದರು. ಅದು ಅವರ ಕೆಲಸ. ನಮ್ಮದು ಬಾಕಿ ಇತ್ತು.

ನನ್ನ ನಾಲ್ಕು ಚೀಲ ಹಿಡಿದು ಕಾಕಾನ ಅಂಗಳಕ್ಕೆ ಹೋದೆ. ಉಳಿದದ್ದನ್ನು ಕೊಡಿ ಎಂದೆ.

"ಬಿಚ್ಚಿದ ಗಂಟು ತಿರುಗಿ ಕಟ್ಟಬಾರದವ್ವಾ. ಮನಿಗೆ ಒಳ್ಳೇದಲ್ಲ."

"ಬದುಕಿದ್ದಾವಂದು ಬಿಚ್ಚಿದ್ದು ಒಳ್ಳೇದೇನ್ರಿ ಕಾಕಾ?"

"ಹುಚ್ಚ ಬಂದಾನ ಅಂತ ದಂಡಿ ಮ್ಯಾಗ ಮಂದಿ ನಗತಾರ."

"ನಗಲಿ ಬಿಡ್ರಿ. ನೀವು ಧೋತರ ಉಟಗೊಂಡು ಇಂಗ್ಲಿಷ್ ಮಾತಾಡಿದ್ರೂ ನಗತಾರ. ನೀವೇನ ಮನ್ಯಾಗ ಕುಂತೀರೇನು?"

ಒಳಗಿನಿಂದ ಕಾಕಾನ ಹೆಂಡತಿ ಕಾಕು ಕಿಸಕ್ಕನೆ ನಕ್ಕಳು. ತನ್ನ ಪಾಲಿನ ಮಣಿಸರಗಳನ್ನೆಲ್ಲ ತಂದು ನನ್ನ ಉಡಿಗೆ ಸುರಿದಳು. ಕಾಕಾ ಮುಖ ಆಚೆ ತಿರುಗಿಸಿದ, ಆದರೆ ತಡೆಯಲಿಲ್ಲ.

ಎಲ್ಲ ಕೂಡಿಸಿ, ಹಳೆಯ ಬಟ್ಟೆಯಲ್ಲೇ ಕಟ್ಟಿ ತಮ್ಮನ ಮುಂದೆ ಇಟ್ಟೆ. ಅವನು ಕೈಚಾಚಿ ಬಿಚ್ಚತೊಡಗಿದ. ಮತ್ತೆ ಹಂಚಲಿಕ್ಕೇ ಎಂದುಕೊಂಡೆ.

"ಮಣಿಸರ ಕೆಳಗ ಹಾಕಿದ್ರ ಸಿಕ್ಕಾಗತಾವಲ್ಲ! ಇಷ್ಟ ವರ್ಷ ಆತು, ನಿನಗ ಇನ್ನೂ ಗಂಟು ಕಟ್ಟಾಕ ಬರಂಗಿಲ್ಲ ನೋಡಕ್ಕಾ."

ಗುಳಿಗೆಯಿಂದ ನಡುಗುವ ಕೈಗಳಲ್ಲಿ ಎಲ್ಲವನ್ನೂ ಮತ್ತೆ ಜೋಡಿಸಿ, ತಾನೇ ಬಿಗಿದು ಕಟ್ಟಿದ.

ಕೆಟ್ಟ ದಿನಗಳು ಈಗಲೂ ಬರುತ್ತವೆ. ಬಂದಾಗ ಆ ಪ್ರಶ್ನೆಯನ್ನು ಕೇಳುತ್ತೇನೆ, ಸಾವು ಎಂಬ ಮಾತನ್ನು ನುಂಗದೆ ಕೇಳುತ್ತೇನೆ. ಹೂಂ ಅಂದರೆ ಇಬ್ಬರೂ ಪಣಜಿಯ ಬಸ್ ಹತ್ತುತ್ತೇವೆ. ಇಲ್ಲ ಅಂದರೆ ದಂಡೆಗೆ ಇಳಿಯುತ್ತೇವೆ. ಅವನ ಗಂಟಿಗೆ ಇನ್ನು ಯಾರಾದರೂ ಕೈ ಹಾಕಲಿ, ನೋಡೇಬಿಡುತ್ತೇನೆ.