ಬಾಗಿಲ ಹಿಂದಿನ ಗೋಡೆ

ಖಾಲಿ ಮನೆಯ ಫೋಟೋ ತೆಗೆದುಕೊಂಡು ಬಂದೆ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಳಗೊಬ್ಬರು ಕೂತಿದ್ದರು.

ಸುಳ್ಳಲ್ಲ. ಹಾಡಹಗಲು ಎರಡು ಗಂಟೆಗೆ ತೆಗೆದ ಫೋಟೋ. ಮುಂಬಾಗಿಲಿಗೆ ನಾನೇ ಒಳಗಿನಿಂದ ಚಿಲಕ ಹಾಕಿದ್ದೆ. ಇದ್ದವರು ನಾನು, ನನ್ನ ಕ್ಯಾಮೆರಾ, ಮೂರು ಕಾಲಿನ ಟ್ರೈಪಾಡ್. ಅಷ್ಟೇ.

ಮನೆ ರುದ್ರೇಶನದ್ದು. ಕಾಲೇಜಿನಿಂದ ನನ್ನ ಗೆಳೆಯ. ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೆಂಡತಿ ಗಿರಿಜಮ್ಮ ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ಅವನು ಅಂಗಡಿ ಮೇಲಿನ ರೂಮಿಗೆ ಬಂದು, ಮನೆ ಬಾಡಿಗೆಗೆ ಕೊಟ್ಟ. ಮೊದಲು ಬಂದವರು ಹದಿನೈದೇ ದಿನಕ್ಕೆ ಗಂಟುಮೂಟೆ ಕಟ್ಟಿದರು. ಎರಡನೆಯವರು ಎರಡು ತಿಂಗಳು ತಡೆದುಕೊಂಡರು. ಇಬ್ಬರೂ ಹೇಳಿದ್ದು ಒಂದೇ: "ನಡುಮನೆ ಬಾಗಿಲ ಹಿಂದೆ ಯಾರೋ ಕುಂತಂಗಾಗ್ತೈತ್ರಿ." ಬಿಸಿಲೇರಿದರೆ ಅಲ್ಲಿ ಹರಳೆಣ್ಣೆ ವಾಸನೆ ಬರುತ್ತದೆ ಎಂದೂ ಸೇರಿಸಿದರು.

ಒಂದು ಮನೆಗೆ ಕೆಟ್ಟ ಹೆಸರು ಬರಲು ಎಷ್ಟು ಹೊತ್ತು ಬೇಕು ಹೇಳಿ? ತರಕಾರಿ ಕೊಳ್ಳುವಷ್ಟು ಹೊತ್ತು ಸಾಕು.

ಈಗ ವರ್ಗವಾಗಿ ಬರುತ್ತಿರುವ ಮೇಷ್ಟ್ರೊಬ್ಬರು ವಾಟ್ಸಾಪ್‌ನಲ್ಲಿ ಮನೆಯ ಫೋಟೋ ಕೇಳಿದ್ದರು. ಅವರಿಗೆ ಊರು ಹೊಸದು, ಸುದ್ದಿ ಇನ್ನೂ ಮುಟ್ಟಿಲ್ಲ. ಇವರೂ ಕೈಬಿಟ್ಟರೆ ಮನೆ ಹಾಳುಬಿದ್ದಂತೆಯೇ. ರುದ್ರೇಶ ಸೊರಬಕ್ಕೆ, ನನ್ನ ಮನೆಗೇ ಬಂದ. "ಲೇ, ನಿಂದೇನೋ ಹೊಸಾ ಫೋಟೋ ಹುಚ್ಚು ಐತಲ್ಲ, ಅದ್ರಾಗೆ ತೆಗಿ. ಒಂದ್ ಮೂಲ್ಯಾಗೂ ಕತ್ತಲು ಕಾಣಬಾರ್ದು."

ನನ್ನ ಹುಚ್ಚಿನ ಹೆಸರು ಎಚ್‌ಡಿಆರ್. (ನನ್ನ ಹೆಂಡತಿ ಸಾವಿತ್ರಿ ಇಟ್ಟಿರುವ ಹೆಸರು ಬೇರೆ. ಅದನ್ನು ಪತ್ರಿಕೆಯಲ್ಲಿ ಬರೆಯಲಾಗದು.) ಮನೆಯೊಳಗೆ ಫೋಟೋ ತೆಗೆಯುವುದು ಪೀಕಲಾಟದ ಕೆಲಸ. ಕೋಣೆ ಚೆನ್ನಾಗಿ ಬಂದರೆ ಕಿಟಕಿ ಬರೀ ಬಿಳಿ. ಕಿಟಕಿ ಚೆನ್ನಾಗಿ ಬಂದರೆ ಕೋಣೆ ಮಸಿ. ಅದಕ್ಕೇ ಕ್ಯಾಮೆರಾ ಒಂದಿಷ್ಟೂ ಅಲ್ಲಾಡದಂತೆ ನಿಲ್ಲಿಸಿ, ಒಂದೇ ಜಾಗದ ಐದು ಫೋಟೋ ತೆಗೆಯುವುದು. ಒಂದು ತೀರಾ ಕಪ್ಪು, ಒಂದು ತೀರಾ ಬೆಳಕು, ಉಳಿದವು ನಡುವಿನವು. ಐದನ್ನೂ ಸಾಫ್ಟ್‌ವೇರ್ ಬೆಸೆದು ಒಂದು ಮಾಡುತ್ತದೆ. ಆಗ ಕಿಟಕಿಯಾಚೆಯ ಕರಿಬೇವಿನ ಗಿಡವೂ ಕಾಣುತ್ತದೆ, ಮಂಚದಡಿಯ ಚಪ್ಪಲಿಯೂ ಕಾಣುತ್ತದೆ. ಅದರ ಮೇಲೆ ಡೀಟೇಲ್ ಸ್ವಲ್ಪ ಏರಿಸಿದರೆ, ಬರಿಗಣ್ಣಿಗೆ ಕಾಣದ ಕಲೆಗಳೂ ಎದ್ದು ಬರುತ್ತವೆ.

ಎದ್ದು ಬಂದದ್ದು ಅದೇ.

ರುದ್ರೇಶನ ಮನೆಯಲ್ಲಿ ಮುಂದೆ ಹಾಲ್, ಅದರ ಹಿಂದೆ ನಡುಮನೆ. ಎರಡರ ನಡುವಿನ ಬಾಗಿಲು ಒಳಗಡೆಗೆ ತೆರೆದುಕೊಳ್ಳುತ್ತದೆ. ಅದು ಸದಾ ತೆರೆದೇ ಇರುತ್ತಿತ್ತು. ಹಾಲ್‌ನಲ್ಲಿ ಪೇಂಟ್ ಡಬ್ಬಗಳ ರಾಶಿ ಇತ್ತು, ಅದು ಕಾಣಬಾರದೆಂದು ನಾನು ಬಾಗಿಲು ಮುಚ್ಚಿದೆ. ಬಾಗಿಲ ಹಿಂದಿನ ಮೂಲೆ ಆಗ ತೆರೆದುಕೊಂಡಿತು. ಹೊಸ ಬಣ್ಣ, ಅಚ್ಚ ಬಿಳಿ ಗೋಡೆ. ಐದನೆಯ ಫೋಟೋ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಕೆಲವು ಸೆಕೆಂಡಿನಲ್ಲಿ ಮೂಗಿಗೆ ಬಡಿಯಿತು, ಹರಳೆಣ್ಣೆ.

ನಾನು ಹೆದರುವವನಲ್ಲ. (ಹೆದರಿದೆ. ಟ್ರೈಪಾಡ್ ಮಡಚದೆ ಹಾಗೆಯೇ ಎತ್ತಿಕೊಂಡು ಬಂದೆ.)

ಸೊರಬಕ್ಕೆ ಬಂದು ಐದನ್ನೂ ಬೆಸೆದೆ. ಡೀಟೇಲ್ ಏರಿಸಿದೆ. ಬಿಳಿ ಗೋಡೆಯ ಮೇಲೆ ನಿಧಾನಕ್ಕೆ ಒಂದು ಆಕಾರ ಮೂಡಿತು. ನೆಲದ ಮೇಲೆ ಕೂತವರ ಎತ್ತರದಲ್ಲಿ ದುಂಡನೆಯ ತಲೆ. ಅದರ ಕೆಳಗೆ ಎರಡು ಭುಜ, ಅಗಲ ಬೆನ್ನು. ಮುಖವಿಲ್ಲ. ತಲೆಯ ಪಕ್ಕ ಸಾಲಾಗಿ ಏಳೆಂಟು ಸಣ್ಣ ಚುಕ್ಕಿ. ಕಡಿಮೆ ಮಾಡಿದರೆ ಮಾಯವಾಗುತ್ತಿತ್ತು, ಏರಿಸಿದರೆ ಮತ್ತೆ ಬಂದು ಕೂರುತ್ತಿತ್ತು. ನಾಲ್ಕು ಸಲ ಹಾಗೆ ಮಾಡಿದೆ. ಐದನೆಯ ಸಲ ಧೈರ್ಯ ಸಾಲಲಿಲ್ಲ.

ರುದ್ರೇಶನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ.

"ಅಳಿಸ್ಬಿಡು" ಎಂದ. "ಯಾರಿಗೂ ತೋರಿಸ್ಬ್ಯಾಡ."

ಅಳಿಸಿದೆ. ಫೋಟೋದಿಂದ ಆ ಆಕಾರವನ್ನಷ್ಟೇ ಒರೆಸುವುದು ಎರಡೇ ನಿಮಿಷದ ಕೆಲಸ. ಗೋಡೆ ಮತ್ತೆ ಅಚ್ಚ ಬಿಳಿಯಾಯಿತು. ಆದರೂ ಮೇಷ್ಟ್ರಿಗೆ ಕಳಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಮಕ್ಕಳೊಂದಿಗ ಮನುಷ್ಯ, ಸುಳ್ಳು ಫೋಟೋ ನೋಡಿ ಬಂದು ಮೂರನೆಯವನಾಗಿ ಓಡಿಹೋದರೆ?

ಭಾನುವಾರ ಬೆಳಿಗ್ಗೆ ಆ ಮನೆಗೆ ಹೋದೆವು. ಬಣ್ಣ ಹೊಡೆದಿದ್ದ ಖಲೀಲ್ ಸಾಬರನ್ನೂ ಕರೆಸಿದ್ದೆವು. ರುದ್ರೇಶನ ಫೋನಿನಲ್ಲಿ ಉಳಿದಿದ್ದ ನನ್ನ ಮೊದಲ ಫೋಟೋ ನೋಡಿ ಅವರು ಬೆಚ್ಚಲಿಲ್ಲ, ಬೇಜಾರಾದರು.

"ಮೊದ್ಲೇ ಹೇಳಿದ್ನಲ್ರಿ ಅಣ್ಣಾರೆ, ಆ ಮೂಲೆ ಬಣ್ಣ ಹಿಡಿಯಲ್ಲ ಅಂತ. ಮೂರು ಕೋಟ್ ಹೊಡ್ದೀನಿ. ಗೋಡೆ ಎಣ್ಣೆ ಕುಡ್ದೈತ್ರಿ. ಯಾರೋ ದಿನಾ ತಲೆ ಒರಗಿಸಿ ಕುಂತಾರೆ. ಒಂದೆರಡು ವರ್ಷದ್ದಲ್ಲ ಇದು."

ರುದ್ರೇಶ ಗೋಡೆಯ ಮೇಲೆ ಬೆರಳಾಡಿಸಿದ. ಚುಕ್ಕಿಗಳು ಕೈಗೆ ಸಿಕ್ಕವು. ಬಣ್ಣದಡಿ ಮುಚ್ಚಿಹೋಗಿದ್ದ ಸ್ಟಿಕ್ಕರ್ ಬೊಟ್ಟುಗಳು. ಹಣೆಯಿಂದ ತೆಗೆದು ಕೈಗೆಟುಕುವಲ್ಲಿ ಅಂಟಿಸಿದ್ದು.

"ಗಿರಿಜಂದು" ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಇಲ್ಲಿ ಕುಂದರ್ತಿದ್ಲಾ?"

ನನ್ನನ್ನು ಕೇಳಿದ! ಗಂಡ ಅವನು. ನನಗೇನು ಗೊತ್ತು?

ಆ ಮನೆಗೆ ಇಪ್ಪತ್ತು ವರ್ಷ ಹೋಗಿದ್ದೇನೆ. ಹಾಲ್‌ನಲ್ಲಿ ನನ್ನದೇ ಅಂತ ಒಂದು ಕುರ್ಚಿ ಇತ್ತು. ಎಲೆಕ್ಷನ್, ಕ್ರಿಕೆಟ್ಟು, ಊರಿನವರ ಜಗಳ, ನಮ್ಮ ಮಾತಿಗೆ ಮಿತಿಯಿರಲಿಲ್ಲ. ಗಿರಿಜಮ್ಮನ ಮುಖ ನೆನಪಿಸಿಕೊಳ್ಳಲು ಅಲ್ಲಿ ನಿಂತು ಒದ್ದಾಡಿದೆ. ಕಾಫಿ ಲೋಟ ಹಿಡಿದ ಕೈ ಬಂತು, ಹಸಿರು ಬಳೆ ಬಂತು. ಮುಖ ಬರಲಿಲ್ಲ. ಇನ್ನೊಂದು ನೆನಪಾಯಿತು. ನಾವು ಜೋಕ್ ಹೊಡೆದು ನಕ್ಕಾಗ ಹತ್ತಿರದಲ್ಲೇ ಇನ್ನೊಂದು ಸಣ್ಣ ನಗು ಕೇಳುತ್ತಿತ್ತು. ಪಕ್ಕದ ಮನೆ ಟೀವಿ ಅಂದುಕೊಂಡಿದ್ದೆವು.

ಹೊರಗೆ ಬರಬೇಡ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಬಾ, ಕೂತುಕೋ ಎಂದೂ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತಿದೆ.

ರುದ್ರೇಶ ಆ ಮೂಲೆಯಲ್ಲಿ, ಅದೇ ಕಲೆಗೆ ಬೆನ್ನು ಕೊಟ್ಟು ಕೂತ. ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡ. ಅಷ್ಟೇ, ಆಸಾಮಿ ಇಲ್ಲವೇ ಇಲ್ಲ. ನಾನೂ ಸಾಬರೂ ಖಾಲಿ ನಡುಮನೆ ನೋಡುತ್ತ ನಿಂತೆವು. ಬಾಗಿಲ ಹಿಂದಿನಿಂದ ಅವನ ದನಿ ಮಾತ್ರ ಬಂತು.

"ಲೇ, ಕೀಲಿನ ಸಂದ್ಯಾಗೆ ಹಾಲ್ ಪೂರಾ ಕಾಣ್ತೈತಿ ಕಣೋ. ನಿನ್ ಕುರ್ಚಿ ಸೈತ."

ನಾನು ನಿಜವಾಗಿ ಹೆದರಿದ್ದು ಆಗ. ಫೋಟೋ ನೋಡಿದಾಗಲೂ ಅಷ್ಟು ಹೆದರಿರಲಿಲ್ಲ. ಇಪ್ಪತ್ತು ವರ್ಷ ಒಬ್ಬರು ನನ್ನನ್ನು ನೋಡಿದ್ದಾರೆ. ನಾನು ಅವರನ್ನು ನೋಡಿಲ್ಲ. ಹಾಗಾದರೆ ಆ ಮನೆಯಲ್ಲಿ ದೆವ್ವದ ಹಾಗೆ ಓಡಾಡಿಕೊಂಡಿದ್ದವರು ಯಾರು?

ಸಾಬರು ಉಳಿ ತೆಗೆದರು. "ಗಾರೆ ಕೆತ್ತಿ ಹೊಸದು ಮೆತ್ತಿದ್ರೆ ಆತ್ರಿ. ವಾಸ್ನಿನೂ ಹೋಗ್ತೈತಿ."

"ಬ್ಯಾಡ್ರಿ ಸಾಬ್ರೆ" ಎಂದ ರುದ್ರೇಶ, ಬಾಗಿಲ ಹಿಂದಿನಿಂದಲೇ. ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿ ಎಲ್ಲ ಹೇಳಿದ. ಓಡಿಹೋದ ಬಾಡಿಗೆಯವರು, ಎಣ್ಣೆ ವಾಸನೆ, ಕಲೆ, ಕೊನೆಗೆ ಅದು ಯಾರದ್ದು ಎಂಬುದನ್ನೂ. "ಕೆತ್ತಾಕೆ ನನಗೆ ಮನಸ್ಸಿಲ್ರಿ. ಒಪ್ಪಿದ್ರೆ ಬರ್ರಿ" ಎಂದ. ಇನ್ನು ಈ ಮನೆ ಹಾಳುಬಿದ್ದ ಹಾಗೇ ಅಂದುಕೊಂಡೆ.

ಮೇಷ್ಟ್ರು ತಡವರಿಸಿದರು. ಫೋನ್ ಅವರ ಹೆಂಡತಿಯ ಕೈಗೆ ಹೋಯಿತು.

"ಅಲ್ಲಿ ಕೂತ್ರೆ ಹಾಲ್ ಕಾಣುತ್ತಾ?" ಆ ಹೆಣ್ಣುಮಗಳು ಕೇಳಿದ್ದು ಅಷ್ಟೇ.

"ಕಾಣ್ತೈತ್ರಿ."

"ಹಾಗಾದ್ರೆ ಬರ್ತೀವಿ."

ರುದ್ರೇಶ ಬಾಗಿಲು ಸರಿಸಿ ಈಚೆ ಬಂದ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಯಾರಿಗೂ ನಗು ಬರಲಿಲ್ಲ.

ಸೊರಬಕ್ಕೆ ಬಂದವನು ಚಪ್ಪಲಿ ಕೂಡ ಬಿಡದೆ ನಮ್ಮ ಹಾಲ್ ದಾಟಿ ಒಳಗೆ ಹೋದೆ. ಒಳಬಾಗಿಲನ್ನು ಮುಚ್ಚಿದೆ. ಅದನ್ನು ಕೊನೆಯ ಸಲ ಮುಚ್ಚಿದ್ದು ಯಾವಾಗಲೋ ನೆನಪಿಲ್ಲ. ಹಿಂದಿನ ಗೋಡೆ ನೋಡಿದೆ. ಐದು ಫೋಟೋ ಬೇಕಾಗಲಿಲ್ಲ, ಸಾಫ್ಟ್‌ವೇರೂ ಬೇಕಾಗಲಿಲ್ಲ. ಕೂತವರ ಎತ್ತರದಲ್ಲಿ, ತೆಳು ಹಳದಿ ಬಣ್ಣದ ಮೇಲೆ, ದುಂಡನೆಯ ಒಂದು ಕಲೆ.

ಸಾವಿತ್ರಿ ಸೌಟು ಹಿಡಿದುಕೊಂಡೇ ಬಂದಳು. "ಎಂತ ನೋಡ್ತಿದ್ರಿ ಅಲ್ಲಿ?"

"ಇದು ಎಂತದೇ ಕಲೆ?"

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ನಿಮ್ಮ ದೋಸ್ತರು ಬಂದಾಗೆಲ್ಲ ನಾನು ಎಲ್ಲಿರ್ತೀನಿ ಅಂದ್ಕಂಡಿದ್ರಿ?"