ಮಂತ್ರಿಗಳಿಗೆ ಕೊಡದೆ ತಂದ ಅರ್ಜಿ

ನನ್ನ ಸೊಸೆಗೆ ಹೊನ್ನಾಳಿಗೆ ನಿಯೋಜನೆ ಸಿಕ್ಕಿದ ದಿನ ನಾನು ಮನೆದೇವರ ಮುಂದೆ ಎರಡು ತೆಂಗಿನಕಾಯಿ ಒಡೆದೆ. ಒಂದು ನನ್ನದು, ಇನ್ನೊಂದು ಆಗ ಅವಳ ಹೊಟ್ಟೆಯಲ್ಲಿದ್ದ ಕೂಸಿನದು. ನಿಯೋಜನೆ ಎಂದರೇನು ಎಂದು ನನಗೂ ಮೊದಲು ತಿಳಿದಿರಲಿಲ್ಲ. ಸರ್ಕಾರಿ ನೌಕರರ ಹುದ್ದೆ ಒಂದು ಊರಿನಲ್ಲಿರುತ್ತದೆ, ಸಂಬಳದ ಪಟ್ಟಿಯಲ್ಲಿ ಹೆಸರೂ ಅಲ್ಲೇ ಇರುತ್ತದೆ, ಕೆಲಸ ಮಾತ್ರ ಬೇರೆ ಊರಿನಲ್ಲಿ. ನನ್ನ ಸೊಸೆ ಪಶು ವೈದ್ಯಕೀಯ ಪರೀಕ್ಷಕಿ. ಅವಳ ಹುದ್ದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ದನದ ಆಸ್ಪತ್ರೆಯಲ್ಲಿ. ಹುದ್ದೆಗೆ ಸೇರಲು ಒಂದೇ ಒಂದು ದಿನ ಹೋಗಿ ಬಂದವಳು, ಅಲ್ಲಿ ಕುರಿ ಹಿಡಿಯಲು ಆಳಿಲ್ಲ, ಕಕ್ಕಸಿಗೆ ನೀರಿಲ್ಲ ಎಂದಿದ್ದಳು. ಕೆಲಸ ಹೊನ್ನಾಳಿಯಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟಿದ್ದನ್ನು ಒಂದೊಂದಾಗಿ ಹೇಳಿ ಕೈಮುಗಿಯುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ. ನಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂತು. ಯಜಮಾನರ ಮೊಣಕಾಲು ಇವತ್ತು ಹಿಡಿಯಲಿಲ್ಲ. ಆ ಒಂದೂವರೆ ವರ್ಷ, ಹೆರಿಗೆ ರಜೆಯ ದಿನ ಬಿಟ್ಟರೆ, ಸೊಸೆ ಐದೂವರೆಗೆ ಮನೆಗೆ ಬಂದಳು ಎಂಬುದು ಈ ಪಟ್ಟಿಯಲ್ಲಿ ತಪ್ಪದೆ ಇರುತ್ತಿತ್ತು. ನಮ್ಮವ್ವ ದೇವರಿಗೆ ದಿನಾ ಹಾಜರಿ ಪುಸ್ತಕ ಒಪ್ಪಿಸ್ತಾಳೆ ಎಂದು ಮಗ ನಗುತ್ತಿದ್ದ. ಅವನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಅಂಗಡಿಗೆ ಗಿರಾಕಿ ಬಂದದ್ದನ್ನೂ ನಾನು ಅದೇ ಪುಸ್ತಕದಲ್ಲಿ ಸೇರಿಸುತ್ತಿದ್ದೆ.

ಮೊಮ್ಮಗಳಿಗೆ ಹತ್ತು ತಿಂಗಳಾಗಿದ್ದಾಗ ಒಂದು ಸುದ್ದಿ ಬಂತು. ಪಶುಸಂಗೋಪನೆ ಮಂತ್ರಿಗಳು ಜಗಳೂರಿಗೆ ಬಂದು ಜನರ ಅಹವಾಲು ಕೇಳುತ್ತಾರಂತೆ. ಆ ತಾಲ್ಲೂಕಿನಲ್ಲಿ ಹುದ್ದೆ ಇರುವ ಇಲಾಖೆಯವರೆಲ್ಲ ಅಲ್ಲಿ ಹಾಜರಿರಬೇಕಂತೆ. ಕೂಸು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಎತ್ತಿಕೊಂಡು ನಾನೂ ಹೊರಡುವುದೆಂದಾಯಿತು. ಹೋಗುವುದೇ ಆದರೆ ಬರಿಗೈಯಲ್ಲಿ ಯಾಕೆ ಹೋಗಬೇಕು? ಸೊಸೆಯನ್ನು ಹೊನ್ನಾಳಿಗೇ ಕಾಯಂ ಆಗಿ ವರ್ಗ ಮಾಡಿಕೊಡಿ ಎಂದು ನಾನೇ ಒಂದು ಅರ್ಜಿ ಬರೆದೆ. ನಾಲ್ಕು ಸಲ ಬರೆದು, ಚೆನ್ನಾಗಿ ಬಂದ ಒಂದನ್ನು ಅರಿಶಿನ ಕುಂಕುಮ ಮುಟ್ಟಿಸಿ ಚೀಲದಲ್ಲಿಟ್ಟೆ. ಸೊಸೆಗೂ ಇದು ಗೊತ್ತಿತ್ತು. "ನಾನು ಕೊಟ್ರೆ ಮೇಲಿನವ್ರಿಗೆ ಸಿಟ್ಟು ಬರ್ತದೆ ಅತ್ತೆ. ನೀವು ಕೊಟ್ರೆ, ಪಾಪ ಅಜ್ಜಿ ಅಂತ ಕೇಳ್ತಾರೆ," ಎಂದಳು.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹೆಂಗಸರಿಗೆ ಟಿಕೆಟಿಲ್ಲ, ಕೂರಲು ಜಾಗವೂ ಸಿಕ್ಕಿತು. ಎರಡನ್ನೂ ಸಂಜೆಗೆಂದು ನೆನಪಿಟ್ಟುಕೊಂಡೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದ ಮೇಲೆ ಹೊಲಗಳ ಬಣ್ಣವೇ ಬೇರೆಯಾಯಿತು. ನನ್ನ ಸೊಸೆಯ ತವರು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ನೀರಿನ ಕಡೆಯದು. ಮನೆಯಲ್ಲಿ ಎಮ್ಮೆ ಕಟ್ಟಿ ಬೆಳೆದವಳು. ಮೆಕ್ಕೆಜೋಳದ ಹೊಲಗಳ ನಡುವೆ ಕುರಿಹಿಂಡು ಕಂಡಾಗಲೆಲ್ಲ ಅವಳು ಕಿಟಕಿಯಿಂದ ಮುಖ ತಿರುಗಿಸುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಕೂತಿದ್ದೆ.

ಜಗಳೂರಿನಲ್ಲಿ ದೊಡ್ಡ ಶಾಮಿಯಾನ ಹಾಕಿದ್ದರು. ಅರ್ಜಿ ಕೊಡುವವರಿಗೆ ಬಾಗಿಲಲ್ಲೇ ಟೋಕನ್ ಕೊಟ್ಟರು. ಸೊಸೆ ಇಲಾಖೆಯವರ ಜೊತೆ ಒಂದು ಪಕ್ಕದಲ್ಲಿ ನಿಂತಳು, ನಾನು ಕೂಸಿನೊಂದಿಗೆ ಹೆಂಗಸರ ಸಾಲಿನಲ್ಲಿ ಕೂತೆ. ನನ್ನ ಪಕ್ಕದವಳು ಐವತ್ತು ದಾಟಿದ ಗಟ್ಟಿ ಹೆಂಗಸು, ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡಿದ್ದಳು. ಒಂದೊಂದೇ ಕಾಳು ಬೆರಳಲ್ಲಿ ನುಣ್ಣಗೆ ಪುಡಿ ಮಾಡಿ ಕೂಸಿನ ತುಟಿಗೆ ಹಚ್ಚಿದಳು. ಕುರಿ ಸಾಕುವವರಂತೆ. ಯಾವ ಊರು ಎಂದು ಕೇಳಿದೆ. ಹೇಳಿದಳು. ಸೊಸೆಯ ಸಂಬಳದ ಚೀಟಿಯಲ್ಲಿ ಇರುವ ಊರೇ ಅದು.

ಆಮೇಲೆ ಅವಳ ಮಾತನ್ನು ತಡೆಯಲು ನನ್ನಿಂದಾಗಲಿಲ್ಲ. ಊರಿನ ದನದ ಆಸ್ಪತ್ರೆಗೆ ಬೀಗ ಬಿದ್ದು ಒಂದೂವರೆ ವರ್ಷವಾಯಿತಂತೆ. ಕುರಿಗೆ ಕರುಳು ಬೇನೆ ಬರುವ ಮೊದಲೇ ಲಸಿಕೆ ಹಾಕಬೇಕು, ಹಾಕುವವರಿಲ್ಲ. ಹೋದ ಮಳೆಗಾಲದಲ್ಲಿ ಅವಳ ಹಿಂಡಿನಲ್ಲಿ ಹನ್ನೊಂದು ಕುರಿ ಒಂದೇ ವಾರದಲ್ಲಿ ಹೋದವಂತೆ.

"ಬೋರ್ಡಿನ ಮ್ಯಾಲೆ ಡಾಕ್ಟ್ರಮ್ಮನ ಹೆಸರು ಐತೆ ಅಕ್ಕಾರೆ, ಮನುಷ್ಯಾಳಿಲ್ಲ. ಮೊದ್ಲು ದಿನಾ ಬೈತಿದ್ವಿ. ಬೈದು ಬೈದು ನಮಗೇ ಬೇಸರಾತು, ಬಿಟ್ವಿ."

ಅಷ್ಟರಲ್ಲಿ ಕೂಸು ಅಳಲು ಶುರು ಮಾಡಿತು. ಸೊಸೆ ಓಡಿಬಂದು ಎತ್ತಿಕೊಂಡು ಶಾಮಿಯಾನದ ಹಿಂದಕ್ಕೆ ಹೋದಳು. ಆಕೆ ನಿಮ್ಮ ಮಗಳಾ ಎಂದು ಆ ಹೆಂಗಸು ಕೇಳಿದಳು. ಸೊಸೆ ಎಂದೆ. ಎಲ್ಲಿ ಕೆಲಸ ಎಂದಳು. ಹೊನ್ನಾಳಿ ಎಂದೆ. ಹೇಳಿದ್ದು ನಿಜ. ಆದರೂ ಜೀವನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿದ ನೆನಪಿಲ್ಲ.

ಅವಳ ಟೋಕನ್ ನನ್ನದಕ್ಕಿಂತ ಮೊದಲಿತ್ತು. ಕರೆದ ಕೂಡಲೇ ಸೆರಗು ಬಿಗಿದು ಮೈಕಿನ ಮುಂದೆ ಹೋಗಿ ನಿಂತಳು. ಊರಿಗೆ ದನದ ಡಾಕ್ಟರು ಬೇಕು ಎಂದಳು. ಮಂತ್ರಿಗಳ ಪಕ್ಕದಲ್ಲಿದ್ದ ಅಧಿಕಾರಿ ಒಂದು ಹಾಳೆ ಮುಂದಿಟ್ಟರು. ಮಂತ್ರಿಗಳು ಓದಿ, ಆ ಊರಿನಲ್ಲಿ ಹುದ್ದೆ ಭರ್ತಿಯಾಗಿದೆ, ಹೋದ ಅಧಿವೇಶನದಲ್ಲಿ ಸದನದಲ್ಲೂ ನಾನೇ ಹಾಗೆ ಉತ್ತರ ಕೊಟ್ಟಿದ್ದೇನೆ ಎಂದರು.

"ನೀವು ಹೇಳಿದ್ದನ್ನ ಟೀವಿನಾಗೆ ನಾವೂ ಕೇಳಿದ್ವಿ ಸಾಹೇಬ್ರೆ," ಎಂದಳು ಅವಳು. "ಕೇಳಿ, ಆಸ್ಪತ್ರೆ ತಾವ ಓಡಿಹೋಗಿ ನೋಡಿದ್ವಿ. ಬೀಗ ಹಂಗೇ ಇತ್ತು."

ಜನ ನಕ್ಕರು. ಮಂತ್ರಿಗಳು ನಗಲಿಲ್ಲ. ಅಧಿಕಾರಿಯ ಕಡೆ ತಿರುಗಿ ಏನಿದು ಎಂದರು. ಅಧಿಕಾರಿ ಮೆಲ್ಲಗೆ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು: ಅವರು ಗರ್ಭಿಣಿ ಇದ್ದರು, ಮಾನವೀಯತೆ ಮೇಲೆ ನಿಯೋಜನೆ ಕೊಟ್ಟಿದ್ದೇವೆ. ಬದಲಿಗೆ ಯಾರನ್ನು ಕೊಟ್ಟಿರಿ ಎಂದು ಮಂತ್ರಿಗಳು ಕೇಳಿದರು. ಅಧಿಕಾರಿ ಹಾಳೆ ನೋಡಿದರು. ಹಾಳೆಯಲ್ಲಿ ಅದಕ್ಕೆ ಉತ್ತರ ಇದ್ದಂತಿರಲಿಲ್ಲ.

"ಬರೆದು ಕೊಟ್ಟೋರು ನೀವು. ಆದ್ರೆ ಓದಿದೋನು ನಾನು," ಎಂದರು ಮಂತ್ರಿಗಳು. ಆಮೇಲೆ ಆ ಹೆಂಗಸಿಗೆ, "ನಾನು ಸದನದಾಗೆ ಹೇಳಿದ್ದು ಸರಿ ಇರ್ಲಿಲ್ಲಮ್ಮ. ಅದಕ್ಕೆ ನಾನೇ ಹೊಣೆ," ಎಂದರು.

ಎದುರಿಗೆ ಕ್ಯಾಮೆರಾಗಳಿದ್ದವು, ಅದಕ್ಕೇ ಹೇಳಿದರೋ ಏನೋ. ಹೇಳಿದ್ದಂತೂ ಹೇಳಿದರು. ಅಷ್ಟು ಜನರ ಮುಂದೆ ತನ್ನ ತಪ್ಪು ಎನ್ನುವುದು ನಮ್ಮ ಮನೆಯ ಗಂಡಸರಿಗೇ ಬರುವುದಿಲ್ಲ. ಆದರೆ ಮುಂದೇನು ಎಂಬುದನ್ನು ಅವರು ಹೇಳಲಿಲ್ಲ. ಚಿಕ್ಕ ಕೂಸಿನ ತಾಯಿ ಎನ್ನುತ್ತೀರಿ, ನಿಯೋಜನೆ ರದ್ದು ಮಾಡುವುದೋ ಬೇಡವೋ ನೋಡೋಣ ಎಂದು ಆ ಹಾಳೆಯನ್ನು ಪಕ್ಕಕ್ಕಿಟ್ಟರು. ಹಿಂತಿರುಗಿ ನೋಡಿದರೆ ಸೊಸೆ ಕೂಸನ್ನು ಎದೆಗವಚಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ನೌಕರಿಯ ಊರು ಯಾವುದು ಎಂಬುದು ಆ ಪಕ್ಕಕ್ಕಿಟ್ಟ ಹಾಳೆಯಲ್ಲಿತ್ತು. ಇನ್ನೊಂದು ಹಾಳೆ ನನ್ನ ಚೀಲದಲ್ಲಿತ್ತು.

ನನ್ನ ಸರದಿ ಬಂತು. ಸೊಸೆ ಬಂದು ಕೂಸನ್ನು ನನ್ನ ಕಂಕುಳಿಗೆ ಕೊಟ್ಟು, ಕೇಳ್ರಿ ಅತ್ತೆ ಎಂದು ಕಣ್ಣಲ್ಲೇ ಹೇಳಿದಳು. ಕೇಳಿದ್ದರೆ ಸಿಗುತ್ತಿತ್ತು. ಮುದುಕಿ, ಕಂಕುಳಲ್ಲಿ ಕೂಸು. ಯಾವ ಮಂತ್ರಿ ಇಲ್ಲ ಎನ್ನುತ್ತಾನೆ? ಮೈಕಿನ ತನಕ ನಡೆಯುವಾಗ ನನಗೆ ನೆನಪಾದದ್ದು ನಾನು ಒಡೆದ ಎರಡು ಕಾಯಿ. ದೇವರು ನನಗೆ ಕೊಟ್ಟ ಎಂದು ದಿನಾ ಕೈಮುಗಿದದ್ದು ಇನ್ನೊಬ್ಬರ ಮನೆಯಿಂದ ಎತ್ತಿ ತಂದದ್ದಾಗಿತ್ತು. ದೇವರ ತಪ್ಪಲ್ಲ, ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ.

ಅರ್ಜಿ ಹೊರಗೆ ತೆಗೆಯಲಿಲ್ಲ. "ಸ್ವಾಮಿ, ಆ ನಿಯೋಜನೆ ಮೇಲೆ ಇರೋಳು ನನ್ನ ಸೊಸೆ. ಇದು ಆಕೆ ಕೂಸು," ಎಂದೆ. "ಹೊನ್ನಾಳಿಗೇ ವರ್ಗ ಮಾಡ್ರಿ ಅಂತ ಕೇಳಾಕೆ ಬಂದಿದ್ದೆ, ಈಗ ಕೇಳಂಗಿಲ್ಲ. ಕೂಸನ್ನ ನಾನು ನೋಡ್ಕೊಂತೀನಿ, ಆಕೆನ್ನ ಅಲ್ಲಿಗೇ ಕಳಿಸ್ರಿ. ಆದ್ರೆ ಕುರಿ ಹಿಡಿಯಾಕೆ ಅಲ್ಲಿ ಒಬ್ಬ ಆಳಿಲ್ಲ. ಕಕ್ಕಸಿಗೆ ನೀರಿಲ್ಲ. ಒಬ್ಬಳೇ ಹೆಣ್ಮಗಳು ಬೆಳಗ್ಗಿಂದ ಸಂಜೆ ತನ ಅಲ್ಲಿ ಹೆಂಗಿರ್ಬೇಕು, ನೀವೇ ಹೇಳ್ರಿ."

ಕಕ್ಕಸು ಎಂದದ್ದಕ್ಕೆ ಯಾರೂ ನಗಲಿಲ್ಲ. ಅಲ್ಲಿ ಎಷ್ಟು ಹುದ್ದೆ ಎಂದು ಮಂತ್ರಿಗಳು ಅಧಿಕಾರಿಯನ್ನು ಕೇಳಿದರು. ಮೂರು, ಅದರಲ್ಲಿ ಎರಡು ಖಾಲಿ ಎಂದರು ಅಧಿಕಾರಿ. ಕಾಯಂ ನೇಮಕ ತಮ್ಮೊಬ್ಬರ ಕೈಯಲ್ಲಿಲ್ಲ, ಆಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ ಎಂದರು ಮಂತ್ರಿಗಳು. ಹೊರಗುತ್ತಿಗೆ ಮೇಲೆ ಒಬ್ಬ ಸಹಾಯಕನನ್ನು ಕೊಡಿಸುತ್ತೇನೆ, ನೀರು ಪಂಚಾಯ್ತಿಯಿಂದ ಹಾಕಿಸುತ್ತೇನೆ ಎಂದು ಬರೆಸಿದರು. ಎಷ್ಟು ದಿನದೊಳಗೆ ಎಂದೆ. ಎರಡು ತಿಂಗಳು ಕೊಡ್ರಿ ಅಜ್ಜಿ ಎಂದರು.

ಕುರಿಯ ಹೆಂಗಸು ನನಗೆ ಜಾಗ ಬಿಟ್ಟು ಸರಿದು ಕೂತಳು. "ಮೊದ್ಲೇ ಹೇಳಿದ್ರೆ ಬೈಯೋದನ್ನ ಒಂಚೂರು ಕಮ್ಮಿ ಮಾಡ್ತಿದ್ನೆಲ್ಲ ಅಕ್ಕಾರೆ," ಎಂದಳು.

ವಾಪಸು ಬರುವಾಗ ಸೊಸೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ದಾವಣಗೆರೆಯಲ್ಲಿ ಇಳಿದಾಗ ಒಂದೇ ಮಾತು ಹೇಳಿದಳು. "ನನ್ನನ್ನ ಒಂದು ಮಾತು ಕೇಳಬೇಕಿತ್ತು ಅತ್ತೆ." ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟದ್ದು ಅವಳದನ್ನು, ನನ್ನದನ್ನಲ್ಲ. ತಪ್ಪಾತು ತಾಯಿ ಎಂದೆ. ಅವಳು ಹೊನ್ನಾಳಿ ಬಸ್ಸಿನ ಕಡೆ ನಡೆದಳು. ಆ ಸಂಜೆ ದೇವರಿಗೆ ಒಪ್ಪಿಸಲು ನನಗೆ ಹೊಳೆದದ್ದು, ಮಂತ್ರಿಗಳು ತಪ್ಪು ಒಪ್ಪಿಕೊಂಡರು, ನಾನೂ ಒಪ್ಪಿಕೊಂಡೆ ಎಂಬುದಷ್ಟೆ.

ನಾಲ್ಕು ದಿನ ಮನೆಯಲ್ಲಿ ಅವಳು ಕೂಸಿನೊಂದಿಗೆ ಮಾತ್ರ ಮಾತಾಡಿದಳು. ಐದನೆಯ ದಿನ ನಿಯೋಜನೆ ರದ್ದಾದ ಆದೇಶ ಬಂತು. ಅದನ್ನು ಓದಿ ಮಡಿಚಿ, "ನೀವು ಬರದಿದ್ರೆ ನಾನೂ ಹೋಗಲ್ಲ," ಎಂದಳು. ಬರುವುದಿಲ್ಲ ಎಂದು ನಾನೆಲ್ಲಿ ಹೇಳಿದ್ದೆ?

ಜಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಸೊಸೆ ಅಲ್ಲಿಂದ ಸ್ಕೂಟರಿನಲ್ಲಿ ಹಳ್ಳಿಗೆ ಹೋಗಿ ಬರುತ್ತಾಳೆ. ಮಗ ಮತ್ತು ಯಜಮಾನರು ಶನಿವಾರ ಸಂಜೆ ಬರುತ್ತಾರೆ. ಇಬ್ಬರಿಗೂ ಅನ್ನ ಸಾರು ಮಾಡಲು ಬಂದಿದೆ. ಇದೂ ಒಂದು ಕೃಪೆಯೇ. ಮೊದಲ ದಿನ ಆಸ್ಪತ್ರೆಯ ಬೀಗ ತುಕ್ಕು ಹಿಡಿದು ತೆರೆಯಲಿಲ್ಲವಂತೆ. ಅದೇ ಕುರಿಯ ಹೆಂಗಸು ಮನೆಯಿಂದ ಕಡ್ಲೆಕಾಯಿ ಎಣ್ಣೆ ತಂದು ಹಾಕಿದಳಂತೆ. ಈ ಸಲ ಮಳೆಗೆ ಮೊದಲೇ ಇಡೀ ಊರಿನ ಕುರಿಗಳಿಗೆ ಲಸಿಕೆಯಾಯಿತು. ಕುರಿ ಅಂದರೆ ಮುಖ ತಿರುಗಿಸುತ್ತಿದ್ದವಳು ಈಗ ಊಟಕ್ಕೆ ಕೂತಾಗ ಯಾವ ಕುರಿ ಯಾರದು ಎಂದು ನನಗೆ ವರದಿ ಕೊಡುತ್ತಾಳೆ. ಎರಡನೇ ತಿಂಗಳು ಮುಗಿಯುವುದರೊಳಗೆ ಸಹಾಯಕನೂ ಬಂದ. ನಲವತ್ತರ ಆಸುಪಾಸಿನವನು, ಕುರಿ ಹಿಡಿಯುವುದರಲ್ಲಿ ಪಳಗಿದವನು.

ನೀರು ಬರಲಿಲ್ಲ. ಸೊಸೆ ಮಧ್ಯಾಹ್ನ ಆ ಹೆಂಗಸಿನ ಮನೆಗೇ ಹೋಗಿಬರುತ್ತಿದ್ದಳು. ಮೂರನೇ ತಿಂಗಳು ನನ್ನ ಹೆಸರಿಗೆ ಒಂದು ಸರ್ಕಾರಿ ಪತ್ರ ಬಂತು. ಸದರಿ ಆಸ್ಪತ್ರೆಗೆ ನೀರಿನ ಸಂಪರ್ಕ ಕಲ್ಪಿಸಲಾಗಿದ್ದು ತಮ್ಮ ಅಹವಾಲನ್ನು ವಿಲೇವಾರಿ ಮಾಡಲಾಗಿದೆ ಎಂದು ಅದರಲ್ಲಿತ್ತು. ಹೋಗಿ ನೋಡಿದೆ. ಹೊಸ ನಲ್ಲಿ ಇತ್ತು, ಕೆಳಗೆ ಪೈಪು ಇರಲಿಲ್ಲ.

ಮಂತ್ರಿಗಳಿಗೆ ಎರಡನೇ ಸಲ ಬರೆಯಲು ಕೂತೆ. ಬೈಯುವ ಮನಸ್ಸಿರಲಿಲ್ಲ. ಆಳು ಕೊಟ್ಟಿದ್ದೀರಿ, ದೇವರು ಒಳ್ಳೆಯದು ಮಾಡಲಿ ಎಂದೇ ಶುರು ಮಾಡಿದೆ. ನಲ್ಲಿ ಬಂದಿದೆ, ನೀರು ಬಂದಿಲ್ಲ, ನಿಮಗೆ ಓದಲು ಕೊಡುವ ಹಾಳೆಯಲ್ಲಿ ಬಂದಿದೆ ಎಂದಿರಬಹುದು, ಅದನ್ನು ಸದನದಲ್ಲಿ ಓದುವ ಮೊದಲು ತಿಳಿಯಲಿ ಎಂದು ಬರೆಯುತ್ತಿದ್ದೇನೆ ಎಂದು ಮುಗಿಸಿದೆ. ತಾನು ನೌಕರಿಯವಳು, ಸಹಿ ಹಾಕುವಂತಿಲ್ಲ ಎಂದ ಸೊಸೆ, ಪತ್ರದ ಮೇಲೆ ಬರೆಯಬೇಕಾದ ಉಲ್ಲೇಖ ಸಂಖ್ಯೆಯನ್ನು ಮಾತ್ರ ಒಂದೊಂದೇ ಅಂಕೆ ಹೇಳಿ ಬರೆಸಿದಳು. ಮಾರನೆಯ ದಿನ ಪತ್ರವನ್ನು ಹಳ್ಳಿಗೆ ಒಯ್ದೆ. ಆಸ್ಪತ್ರೆಯ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಕೂತು ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಒಳಗೆ ಸೊಸೆ ಒಂದು ಮರಿಯ ಕಾಲಿಗೆ ಪಟ್ಟಿ ಕಟ್ಟುತ್ತ, ನಮ್ಮ ಕಡೆ ನೋಡದೆ, ಸಹಿಯ ಕೆಳಗೆ ಎಲ್ಲರ ಫೋನ್ ನಂಬರೂ ಬರೆಸ್ರಿ ಅತ್ತೆ, ಇಲ್ಲದಿದ್ರೆ ಯಾರೂ ಸಿಗಲಿಲ್ಲ ಅಂತ ವಿಲೇವಾರಿ ಮಾಡ್ತಾರೆ ಎಂದು ಕೂಗಿ ಹೇಳಿದಳು.